ಎರಡನೆಯ ರೆಕಾರ್ಡು

ನಾನು ಒಂದು ರೆಕಾರ್ಡ್ ಪ್ಲೇಯರ್. ಹುಟ್ಟಿದ್ದು ಇಂಗ್ಲೆಂಡಿನ ಒಂದು ಕಾರ್ಖಾನೆಯಲ್ಲಿ. ನನ್ನ ಹೊಟ್ಟೆಯೊಳಗೆ ಒಂದು ಮೋಟಾರು, ಅದರಿಂದ ಮೇಲಿನ ತಟ್ಟೆಯನ್ನು ತಿರುಗಿಸಲು ಒಂದು ರಬ್ಬರ್ ಪಟ್ಟಿ. ಪಟ್ಟಿ ಬಿಗಿಯಾಗಿದ್ದರೆ ತಟ್ಟೆ ಒಂದೇ ಸಮ ತಿರುಗುತ್ತದೆ. ಸಡಿಲಾದರೆ ಸ್ವರ ಇಳಿಯುತ್ತದೆ, ತೂಗಾಡುತ್ತದೆ. ಇಷ್ಟು ತಿಳಿದಿದ್ದರೆ ಸಾಕು, ನನ್ನ ಪಾಪ ನಿಮಗೆ ಅರ್ಥವಾಗುತ್ತದೆ. ಸುತ್ತಿ ಬಳಸಿ ಹೇಳುವುದೇಕೆ, ನಾನು ಒಬ್ಬ ಮನುಷ್ಯನ ಕೈಯಿಂದ ಕೊಳಲು ಬಿಡಿಸಿದೆ.

ನನ್ನನ್ನು ಧಾರವಾಡಕ್ಕೆ ತಂದವರು ಒಬ್ಬ ಇಂಗ್ಲಿಷ್ ಪ್ರೊಫೆಸರರು. ಅವರು ಊರಿಗೆ ಮರಳುವಾಗ ನನ್ನನ್ನೂ ಎರಡು ರೆಕಾರ್ಡುಗಳನ್ನೂ ಸಸ್ಯಶಾಸ್ತ್ರದ ಲೆಕ್ಚರರ್ ಪ್ರಹ್ಲಾದ ಜಮಖಂಡಿಯವರಿಗೆ ಕೊಟ್ಟುಹೋದರು. ಅದು ೧೯೭೬. ಒಂದು ರೆಕಾರ್ಡು ಯೆಸ್ ಎಂಬ ರಾಕ್ ತಂಡದ್ದು, ಇನ್ನೊಂದು ಜೆತ್ರೊ ಟಲ್ ಎಂಬ ತಂಡದ್ದು. ಎರಡೂ ನನ್ನ ತವರಿನವೇ.

ಪ್ರಹ್ಲಾದರಿಗೆ ಯೆಸ್ ಹುಚ್ಚು. ಅವರ ಗೆಳೆಯ ವಿರುಪಾಕ್ಷ ಮೆಣಸಿನಕಾಯಿಯವರು ಬೀಜದ ಡಿಪೊದಲ್ಲಿ ಗುಮಾಸ್ತರು, ಅವರಿಗೆ ಟಲ್ ಹುಚ್ಚು. ಪ್ರತಿ ರವಿವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ನನ್ನೆದುರು ಚಾಪೆ ಹಾಸುವರು. ಒಂದು ರೆಕಾರ್ಡಿನ ಒಂದು ಬದಿ, ಆಮೇಲೆ ಒಂದು ತಾಸು ಜಗಳ, ಆಮೇಲೆ ಇನ್ನೊಂದು ರೆಕಾರ್ಡು. ಅದು ಅವರ ಪದ್ಧತಿ.

“ಐದು ಮಂದಿ ಐದು ದಾರಿ ಹಿಡದು ಹೋಗತಾರ. ದಾರಿ ತಪ್ಪಿದ್ರು ಅನ್ನೂದರಾಗ ಎಲ್ಲಾರೂ ಕೂಡಿ ತಾಳದ ಸಮ್‌ಗೆ ಬಂದು ನಿಂತಿರತಾರ,” ಎನ್ನುವರು ಪ್ರಹ್ಲಾದ. “ನಿನ್ನ ಟಲ್‌ನಾಗ ಏನದ? ಒಬ್ಬಾಂವ ಒಂಟಿಗಾಲ ಮ್ಯಾಲೆ ನಿಂತು ಕೊಳಲಿನಾಗ ಉಗಳತಾನ.”

“ಉಗಳಲಿ ಬಿಡೋ, ಉಸಿರರೆ ಕೇಳಸತೈತಿ,” ಎನ್ನುವರು ವಿರುಪಾಕ್ಷ. “ನಿಮ್ಮವರು ಬಂಗಾರದ ಗುಡಿ ಕಟ್ಯಾರ. ಒಳಗ ದೇವರ ಇಲ್ಲ.”

ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ನನ್ನ ಸೂಜಿಗೆ ಯೆಸ್‌ನ ಗೆರೆ ಸಂತೆಯ ದಿನದ ಓಣಿ, ಎಲ್ಲಿ ಕಾಲಿಡಬೇಕೆಂದೇ ತಿಳಿಯದು. ಟಲ್‌ನದು ಗುಡ್ಡದ ಕಾಲುದಾರಿ, ಒಮ್ಮೆ ಏರು ಒಮ್ಮೆ ಇಳಿಜಾರು, ಕೊಳಲು ಬಂದಾಗ ಎದೆ ಧಸಕ್ಕೆನ್ನುತ್ತಿತ್ತು. ನನಗೆ ಎರಡೂ ಬೇಕಾಗಿದ್ದವು.

ಟಲ್ ಕೇಳುತ್ತ ಕೇಳುತ್ತ ವಿರುಪಾಕ್ಷ ಒಂದು ಬಿದಿರಿನ ಕೊಳಲು ಕೊಂಡರು. ಎರಡು ವರ್ಷ ರೆಕಾರ್ಡಿನ ಜೊತೆ ಊದಿ ಊದಿ ತಾವೇ ಕಲಿತರು. ಚೆನ್ನಾಗಿಯೇ ಊದುತ್ತಿದ್ದರು, ಆಣೆ ಮಾಡಿ ಹೇಳುತ್ತೇನೆ. ಇನ್ನು ಗುರುವಿಲ್ಲದೆ ಮುಂದೆ ಹೋಗಲಾಗದು ಎನ್ನಿಸಿದಾಗ, ಅದೇ ಮನೆಯ ಮಾಳಿಗೆಯ ಮೇಲೆ ಗಾಯನ ಹೇಳಿಕೊಡುತ್ತಿದ್ದ ಅಂಬಕ್ಕನವರನ್ನು ಕೇಳುವ ಧೈರ್ಯ ಮಾಡಿದರು. ಅಂಬಕ್ಕ ಯಾರನ್ನೂ ಸುಲಭವಾಗಿ ಶಿಷ್ಯರೆಂದು ಒಪ್ಪುವವರಲ್ಲ.

ಮೇ ತಿಂಗಳ ಒಂದು ಮಧ್ಯಾಹ್ನ ಅಂಬಕ್ಕ ಕೆಳಗಿಳಿದು ಬಂದು ಕೂತರು.

“ಇಷ್ಟ ದಿನ ಯಾರ ಕಡೆ ಕಲತಿಯೋ ತಮ್ಮಾ?”

ವಿರುಪಾಕ್ಷ ತಲೆ ತಗ್ಗಿಸಿ ನನ್ನತ್ತ ಕೈ ತೋರಿಸಿದರು. “ಇದರಾಗಿನ ರೆಕಾರ್ಡ ಕೇಳಿ ಕಲತೇನ್ರಿ ಅಕ್ಕಾರ.”

ಅಂಬಕ್ಕ ನಗಲಿಲ್ಲ. “ಹಂಗಾರ ಮೊದಲ ನಿನ್ನ ಗುರುನ್ನ ಕೇಳೋಣ. ಆಮ್ಯಾಲೆ ಶಿಷ್ಯನ್ನ ನೋಡತೀನಿ.”

ಅಷ್ಟರಲ್ಲಿ ಪ್ರಹ್ಲಾದ ನಡುವೆ ಬಾಯಿ ಹಾಕಿದರು. “ನಂದೂ ಒಂದು ಕೇಳ್ರಿ ಅಕ್ಕಾರ. ಎರಡರಾಗ ಯಾವುದು ಹೆಚ್ಚು, ನೀವ ಹೇಳಿಬಿಡ್ರಿ.” ಗೆಳೆಯ ಶಿಷ್ಯನಾಗಲಿ ಎಂಬ ಆಸೆಯೂ ಇತ್ತು, ತನ್ನ ತಂಡ ಗೆಲ್ಲಲಿ ಎಂಬ ಆಸೆಯೂ ಇತ್ತು. ಅಕ್ಕಿಯ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ. ತಮ್ಮದನ್ನೇ ಮೊದಲು ಹಾಕಿದರು.

ಅಂಬಕ್ಕ ಕಣ್ಣು ಮುಚ್ಚಿ ಒಂದು ಬದಿ ಪೂರ್ತಿ ಕೇಳಿದರು. “ಗದ್ದಲ ಬಾಳ. ಆದರ ಎಲ್ಲಾರೂ ಸುರದಾಗ ಇದ್ದಾರ,” ಎಂದರು. ಪ್ರಹ್ಲಾದ ಕೂಡಲೇ ಟಲ್ ಹಾಕಿದರು.

ಇಲ್ಲಿಯೇ ಅನಾಹುತವಾಯಿತು. ಆ ಬೇಸಿಗೆಯಲ್ಲಿ ನನ್ನ ಪಟ್ಟಿ ಸಡಿಲಾಗಿತ್ತು. ಇಪ್ಪತ್ತು ನಿಮಿಷ ತಿರುಗಿದರೆ ಮೋಟಾರು ಕಾದು ಪಟ್ಟಿ ಜಾರಲು ಶುರುವಾಗುತ್ತಿತ್ತು. ಗೆಳೆಯರಿಗೆ ಅದು ಗೊತ್ತೇ ಆಗಿರಲಿಲ್ಲ, ಯಾಕೆಂದರೆ ಅವರು ಜಗಳವಾಡುವ ಒಂದು ತಾಸಿನಲ್ಲಿ ನಾನು ತಣ್ಣಗಾಗುತ್ತಿದ್ದೆ. ಅಂದು ಹಿರಿಯರ ಮುಂದೆ ಯಾರೂ ಜಗಳವಾಡಲಿಲ್ಲ.

ಕೊಳಲು ಬಂತು. ಬಂದದ್ದೇ ಇಳಿಯಿತು, ಏರಿತು, ಕುಡಿದವನ ಹಾಗೆ ತೂರಾಡಿತು. ಆಗ ನಾನು ಕಿರ್ರೆಂದು ಅರಚಿ ನಿಂತುಬಿಡಬೇಕಿತ್ತು. ನಿಲ್ಲುವುದು ನನಗೆ ಸಾಧ್ಯವಿತ್ತು. ಆದರೆ ವಿಲಾಯತಿ ಪೆಟ್ಟಿಗೆ ಕೆಟ್ಟು ನಿಂತಿತು ಎಂದು ನಾಲ್ಕು ಜನರ ಮುಂದೆ ಅನ್ನಿಸಿಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಮಾನ ಉಳಿಸಿಕೊಳ್ಳಲು ಏದುಸಿರು ಬಿಡುತ್ತ ತಿರುಗಿದೆ. ನನ್ನ ಮಾನ ಉಳಿಯಿತು.

ಅಂಬಕ್ಕ ಕೈಯೆತ್ತಿದರು. “ತಗಿ. ಈ ಕೊಳಲಿನವಗ ಸಾ ಸ್ವರನ ನಿಲ್ಲೂದಿಲ್ಲ.”

ವಿರುಪಾಕ್ಷ ನನ್ನತ್ತ ಬಾಗಿದರು. “ಅಕ್ಕಾರ, ಪೆಟ್ಟಿಗಿಗೇ ಏನರೆ ಆಗಿರಬೇಕ್ರಿ…”

“ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ,” ಎಂದು ಪ್ರಹ್ಲಾದ ನಕ್ಕರು. ದಿನವೂ ಆಡುವ ಚೇಷ್ಟೆಯ ಮಾತು ಅದು. ವಿರುಪಾಕ್ಷ ಬಾಯಿ ಮುಚ್ಚಿದರು.

ಅಂಬಕ್ಕ ಮೆತ್ತಗೆಯೇ ಹೇಳಿದರು, “ತಮ್ಮಾ, ಏನೂ ತಿಳೀದಾಂವಗ ನಾ ಕಲಸಬಲ್ಲೆ. ಎರಡ ವರ್ಷ ಇದನ್ನ ಕೇಳಿ ಕೆಟ್ಟ ಕಿವಿ ತಿದ್ದೂದು ನನ್ನ ಕೈಲೆ ಆಗೂದಿಲ್ಲ.” ಚೀಲದಲ್ಲಿದ್ದ ಕೊಳಲನ್ನು ವಿರುಪಾಕ್ಷ ಹೊರಗೆ ತೆಗೆಯಲೇ ಇಲ್ಲ.

ಮುಂದಿನ ರವಿವಾರ ಅವರು ಬರಲಿಲ್ಲ. ಕರೆಯಲು ಹೋದ ಪ್ರಹ್ಲಾದ ಮರಳಿ ಬಂದು ಹೆಂಡತಿಯೊಡನೆ ಹೇಳಿದ್ದನ್ನು ಕೇಳಿಸಿಕೊಂಡೆ. “ಕೊಳಲು ಬಚ್ಚಲ ಒಲಿಗೆ ಹಾಕ್ಯಾನಂತ. ನನ್ನ ಕಿವಿನ ನನಗ ಸುಳ್ಳ ಹೇಳತೈತಿ, ಏನ ಊದಲಿ ಅಂದ.” ಅಂದು ರಾತ್ರಿ ಪ್ರಹ್ಲಾದ ಉಣ್ಣಲಿಲ್ಲ. ಒಬ್ಬರೇ ಕೂತು ಎರಡು ಸಲ ಯೆಸ್ ಕೇಳಿ ನೋಡಿದರು. ಜಗಳವಿಲ್ಲದೆ ಅದೂ ರುಚಿಸಲಿಲ್ಲ. ನನ್ನ ಮೇಲೊಂದು ಹಳೆಯ ದುಪ್ಪಟಿ ಬಿತ್ತು.

ಆ ದುಪ್ಪಟಿಯಡಿ ನಾನು ಮೂವತ್ತೆಂಟು ವರ್ಷ ಕಳೆದೆ. ಯಾರೂ ನನ್ನನ್ನು ಬೈಯಲಿಲ್ಲ, ಅದೇ ಕಷ್ಟವಾಗಿತ್ತು. ಅಂಬಕ್ಕ ತೀರಿಕೊಂಡರು. ಪ್ರಹ್ಲಾದರಿಗೆ ಕೂದಲು ನರೆತು, ಹಲ್ಲು ಹೋಗಿ, ಕೊನೆಗೊಂದು ದಿನ ಏನನ್ನಿಸಿತೋ, ನನ್ನನ್ನು ಹುಬ್ಬಳ್ಳಿಯ ರೇಡಿಯೊ ರಿಪೇರಿಯ ದಸ್ತಗೀರ್ ಸಾಹೇಬರ ಬಳಿ ಒಯ್ದರು.

ಸಾಹೇಬರು ನನ್ನ ಹೊಟ್ಟೆ ಬಿಚ್ಚಿದರು. “ಪಟ್ಟಿ ಜಾರಿ ಜಾರಿ ಗಾಲಿ ಹೆಂಗ ಹೊಳಪಾಗೇತಿ ನೋಡ್ರಿ ಸರ್. ಓಡೂವಾಗನ ಇದಕ್ಕ ಈ ರೋಗ ಇತ್ತು. ಕಾದಮ್ಯಾಲೆ ಸುರ ಇಳದಿರಬೇಕಲ್ರಿ?”

ಪ್ರಹ್ಲಾದ ಆ ಗಾಲಿಯ ಮೇಲೆ ಬೆರಳಾಡಿಸಿ ನೋಡಿದರು. ಹೊಸ ಪಟ್ಟಿ ಹಾಕಿಸಿ, ಮನೆಯಿಂದ ಟಲ್ ರೆಕಾರ್ಡು ತೆಗೆದುಕೊಂಡು, ಅದೇ ಸಂಜೆ ಆಟೊದಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ವಿರುಪಾಕ್ಷರ ಮನೆಗೆ ಹೋದರು.

ವಿರುಪಾಕ್ಷರ ಕಿವಿಯಲ್ಲಿ ಈಗ ಒಂದು ಯಂತ್ರವಿತ್ತು. ಪ್ರಹ್ಲಾದ ಹತ್ತಿರ ಕೂತು ಕೂಗಿ ಕೂಗಿ ಹೇಳಿದರು, “ತಪ್ಪು ಪೆಟ್ಟಿಗೀದು. ನಿಂದಲ್ಲ. ನಂದ ಮೊದಲ ಹಾಕಿದಾಂವ ನಾ. ನಿನ್ನ ಬಾಯಿ ಮುಚ್ಚಿಸಿದಾಂವನೂ ನಾ.”

ವಿರುಪಾಕ್ಷ “ಹಚ್ಚು,” ಎಂದರು.

ಜನ್ಮದಲ್ಲಿ ಅಷ್ಟು ನೆಟ್ಟಗೆ ನಾನು ಎಂದೂ ತಿರುಗಿರಲಿಲ್ಲ. ಕೊಳಲು ಬಂತು, ಎಳ್ಳಷ್ಟೂ ಅಲುಗಲಿಲ್ಲ. ವಿರುಪಾಕ್ಷ ಹುಬ್ಬು ಗಂಟಿಕ್ಕಿದರು. ಕಿವಿಯ ಯಂತ್ರದಲ್ಲಿ ಎಲ್ಲವೂ ತಗಡು ಬಡಿದಂತೆ ಕೇಳುತ್ತದಂತೆ. ಅದನ್ನು ತೆಗೆದಿಟ್ಟು ನನ್ನ ಪಕ್ಕೆಗೆ ಬರಿಗಿವಿ ಹಚ್ಚಿದರು. ಆಮೇಲೆ ತಲೆಯೆತ್ತಿ ಗೆಳೆಯನ ಮುಖ ನೋಡಿದರು.

“ಸುರದಾಗ ಐತೇನೋ?”

ಪ್ರಹ್ಲಾದ ಹೌದೆಂದು ತಲೆಯಾಡಿಸಿದರು.

“ಅಂದ್ರ ನನ್ನ ಕಿವಿ ಖರೆ ಇತ್ತು,” ಎಂದರು ವಿರುಪಾಕ್ಷ.

ಅಂದಿನಿಂದ ನಾನು ಅವರ ಮನೆಯಲ್ಲೇ ಇದ್ದೇನೆ. ನನ್ನನ್ನು ಕ್ಷಮಿಸಿದ್ದಾರೋ ಇಲ್ಲವೋ ತಿಳಿಯದು, ಕೇಳಲು ನನಗೆ ಮುಖವಿಲ್ಲ. ದಿನಾ ಸಂಜೆ ರೆಕಾರ್ಡು ಹಾಕಿ, ಕಿವಿಯ ಯಂತ್ರ ತೆಗೆದಿಟ್ಟು, ನನ್ನ ಮೇಲೆ ಅಂಗೈಯಿಟ್ಟು ಕೂರುತ್ತಾರೆ. ನಾನು ಒಂದು ಸ್ವರವನ್ನೂ ತಪ್ಪುವುದಿಲ್ಲ. ಹಾಡು ಮುಗಿದು ಸೂಜಿ ಬರಿಯ ಗೆರೆಯಲ್ಲಿ ಸುತ್ತುತ್ತಿರುತ್ತದೆ. ಅವರು ಇನ್ನೂ ತಲೆದೂಗುತ್ತಲೇ ಇರುತ್ತಾರೆ.