ಹೊಗೆಯಿಲ್ಲದ ಚಹಾ

ಬೆಟ್ಟಗಳೆಲ್ಲ ಹಿಮದ ಟೋಪಿ ಹಾಕಿಕೊಂಡು ಕೂರುವ ಒಂದಾನೊಂದು ನಾಡಿನಲ್ಲಿ ಹೊಗೆ ಉಣ್ಣುವ ಮುದುಕಿಯೊಬ್ಬಳಿದ್ದಳಂತೆ. ಅವಳ ಅಂಗಳದಡಿಯಲ್ಲಿ ಸಗಣಿ ತಿಂದು ಬೆಂಕಿ ಉಗುಳುವ ಗುಂಡಿಯೊಂದಿತ್ತಂತೆ. ತಿನ್ನುವುದೇನೋ ತಿನ್ನುತ್ತಿತ್ತು, ಉಗುಳುತ್ತಿರಲಿಲ್ಲ.

ಮುದುಕಿ ಕೆಂಜೆಗುಲ್‌ಳ ಅತ್ತೆ, ಬಾತ್ಮಾ. ಬೆರಣಿ ಒಲೆಯ ಮುಂದೆ ಕೂತು ಕೂತು ಅವಳ ಎದೆ ಹಳೆಯ ತಿದಿಯಂತೆ ಕುಯ್‌ಗುಡುತ್ತಿತ್ತು. "ಅಮ್ಮಾ, ನೀನು ಕಣ್ಮುಚ್ಚೋದ್ರೊಳಗೆ ಹೊಗೆಯಿಲ್ಲದ ಚಹಾ ಕುಡಿಸ್ತೀನಿ" ಎಂದು ಮಗ ಮುಕಾಶ್ ನೆಂಟರೆದುರು ಎದೆ ತಟ್ಟಿ ಗೋಬರ್ ಗ್ಯಾಸಿನ ಗುಂಡಿ ತೋಡಿಸಿದ್ದ.

ಕೊಟ್ಟಿಗೆ ತುಂಬ ಸಗಣಿಯಿದ್ದ ಚಳಿಗಾಲದಲ್ಲಿ ಗುಂಡಿ ಹೆಪ್ಪುಗಟ್ಟಿತು. ವಸಂತದಲ್ಲಿ ಅದು ಬೆಚ್ಚಗಾಗಿ ಗುಳುಗುಳು ಎನ್ನುವಷ್ಟರಲ್ಲಿ ಊರಿನ ದನವೆಲ್ಲ ಮೇಲಿನ ಹುಲ್ಲುಗಾವಲಿಗೆ ಹೊರಟಿತು.

"ಎರಡು ಹಸು ಬಿಟ್ಟು ಹೋಗಿ. ಗುಂಡಿ ಹಸ್ಕೊಂಡಿದೆ" ಎಂದಳು ಕೆಂಜೆಗುಲ್, ದನ ಹೊಡೆದುಕೊಂಡು ಹೊರಟ ಗಂಡ ಮುಕಾಶನಿಗೆ.

"ಬೇಸಿಗೇಲಿ ಹಸು ಕಟ್ಟಿಹಾಕೋದಾ? ಮುಕಾಶನ ಹಸು ಏನು ಕಳ್ಳತನ ಮಾಡ್ತಪ್ಪಾ ಅಂತ ಊರು ನಗುತ್ತೆ ಕಣೇ! ಚಳಿಗಾಲದಲ್ಲಿ ನೋಡೋಣ."

"ಚಳಿಗಾಲದಲ್ಲಿ ಅದು ಕಲ್ಲು!"

ಅವನಾಗಲೇ ಕುದುರೆ ಏರಿಯಾಗಿತ್ತು. ಗುಂಡಿ ಮತ್ತೆ ಸುಮ್ಮನಾಯಿತು.

"ಬಿಡೇ ಸೊಸೇ, ನನ್ನ ಮಗ ಬಾಯಲ್ಲೇ ಚಹಾ ಕಾಸ್ತಾನೆ" ಎಂದು ಬಾತ್ಮಾ ಕೆಮ್ಮುತ್ತ ನಕ್ಕಳು. "ಅಯ್ಯೋ, ಬಟ್ಟಲು ತುಂಬಿಸ್ಬೇಡ ಕಣೇ! ನನ್ನ ಓಡಿಸ್ತೀಯಾ?" ಆ ನಾಡಿನಲ್ಲಿ ಮನಸ್ಸಿಗೆ ಬೇಕಾದವರಿಗೆ ಚಹಾ ಗುಟುಕು ಗುಟುಕಾಗಿ ಬಗ್ಗಿಸಿ ಕೊಡಬೇಕು. ತುಂಬಿ ಕೊಟ್ಟರೆ ಎದ್ದು ಹೋಗು ಎಂದರ್ಥ.

ಆ ಬೇಸಿಗೆಯಲ್ಲೇ, ಬೆರಣಿ ಒಲೆ ಊದುತ್ತ ಊದುತ್ತ, ಮುದುಕಿ ಹೋದಳು.

ಮಣ್ಣಿಗೆ ಕಣಿವೆಗೆ ಕಣಿವೆಯೇ ಕುದುರೆ ಏರಿ ಬಂತು. ಅವಳ ಹೆಸರಿನಲ್ಲಿ, ಬಂದವರ ಊಟಕ್ಕೆ, ಹೆಣ್ಗುದುರೆಯೊಂದನ್ನು ಕಡಿದರು. ನೆಂಟರ ಕುದುರೆಗಳ ಲದ್ದಿ, ಕಡಿದದ್ದರ ಹೊಟ್ಟೆಯೊಳಗಿನ ಅರೆ ಅರಗಿದ ಹುಲ್ಲು, ಎಲ್ಲವನ್ನೂ ಕೆಂಜೆಗುಲ್ ಬಾಚಿ ಬಾಚಿ ಗುಂಡಿಗೆ ಸುರಿದಳು. ಬಿಸಿಲಿತ್ತು, ಮೇವೂ ಸಿಕ್ಕಿತು. ಗುಂಡಿಗೆ ಮೊದಲ ಸಲ ಹೊಟ್ಟೆ ತುಂಬಿದ್ದು ಅತ್ತೆಯ ಸಾವಿನ ಊಟದಿಂದ.

ನಲವತ್ತನೆಯ ದಿನದ ತಿಥಿಗೆ ನೆಂಟರು ಮತ್ತೆ ಸೇರಿದಾಗ ಕೆಂಜೆಗುಲ್ ಗ್ಯಾಸಿನ ಒಲೆಯ ಕಿವಿ ತಿರುಗಿಸಿ ಕಡ್ಡಿ ಗೀರಿದಳು. ನೀಲಿ ಜ್ವಾಲೆ ಹೂವಿನಂತೆ ಅರಳಿತು. ಹೊಗೆಯ ಸುಳಿವಿಲ್ಲ.

"ನೋಡಿದ್ರಾ! ಅಮ್ಮನಿಗೆ ಕೊಟ್ಟ ಮಾತು!" ಮುಕಾಶ್ ನೆಂಟರತ್ತ ತಿರುಗಿ ಮೀಸೆ ನೀವಿಕೊಂಡ. "ಎಲ್ಲಿ, ನಂಗೂ ಕೊಡೇ ಚಹಾ."

ಕೆಂಜೆಗುಲ್ ಅತ್ತೆಯ ಬಟ್ಟಲಿಗೆ ಒಂದೇ ಗುಟುಕು ಬಗ್ಗಿಸಿ, ಅವಳು ಕೂರುತ್ತಿದ್ದ ಕಂಬಳಿಯ ಮುಂದಿಟ್ಟಳು. ಆಮೇಲೆ ಗಂಡನ ಬಟ್ಟಲನ್ನು ಅಂಚು ತುಳುಕುವಂತೆ ತುಂಬಿ ಅವನ ಕೈಗಿತ್ತಳು.