ಒಣಮರದ ನೇರ

"ಒಂಬತ್ತೇ ಮಾರು," ಎಂದಳು ಬಿರೆತ್. ಮಂಜುಗಡ್ಡೆಯಲ್ಲಿ ಅವಳು ಕೊರೆದ ಏಳನೇ ತೂತು ಅದು. ಗಾಳದ ಸೀಸ ತಳಕ್ಕೆ ಬಡಿದು ದಾರ ಸಡಿಲವಾಗಿತ್ತು.

ಹಿಮಸಾರಂಗದ ತೊಗಲು ಹೊದ್ದು ಜಾರುಬಂಡಿಯ ಮೇಲೆ ಕೂತಿದ್ದ ಅವಳಪ್ಪ ಸಾಮ್ಮೆಲ್ ಕ್ಯಾಕರಿಸಿ ಉಗಿದ. "ಹದಿನೆಂಟಿರ್ಬೇಕು ಕಣೇ! ಟ್ರೌಟ್ ಮೀನಿರೋದು ಆ ಗುಂಡೀಲಿ. ಕುರುಡ ನಾನೋ, ನೀನೋ?"

ಹೋದ ಬೇಸಿಗೆಯಲ್ಲಿ ಅವನ ಕಣ್ಣು ಹೋಗಿತ್ತು. ಸೋಮವಾರ ಅವನನ್ನು ಇವಾಲೋ ಪೇಟೆಯ ವೃದ್ಧಾಶ್ರಮಕ್ಕೆ ಹಾಕುವುದೆಂದು ಬಿರೆತ್‌ಳ ಅಣ್ಣ ಯೋವ್ನಾ ಒಬ್ಬನೇ ತೀರ್ಮಾನ ಮಾಡಿ ಮುಗಿಸಿದ್ದ. 'ಇನ್ನು ಇವನ ಕೈಲಿ ಏನಾಗತ್ತೆ?' ಅಂದಿದ್ದ. ಬಿರೆತ್ ಮೇಜು ಗುದ್ದಿದ್ದಳು: ಇವತ್ತು ಅಪ್ಪ ಮೀನು ಹಿಡಿದರೆ ಮನೆಯಲ್ಲೇ ಇರುತ್ತಾನೆ. ಮೂರು ಗಂಟೆಗೆ ಬಂದು ನೋಡುತ್ತೇನೆಂದು ಅಣ್ಣ ನಕ್ಕಿದ್ದ.

ಗುಂಡಿಯ ಗುರುತನ್ನು ಸರೋವರದ ಜನ ಹೆತ್ತ ಮಕ್ಕಳಿಗೂ ಸುಲಭಕ್ಕೆ ಹೇಳುವವರಲ್ಲ. ಬೆಳಿಗ್ಗೆ ತಾನೇ ಅಪ್ಪ ಮೊದಲ ಸಲ ಬಾಯಿಬಿಟ್ಟಿದ್ದ: ಎಡಕ್ಕೆ, ದ್ವೀಪದ ತುದಿಯ ಒಣ ಪೈನ್‌ಮರ ಬೋಳುಗುಡ್ಡದ ನೆತ್ತಿಗೆ ನೇರ ಬರಬೇಕು, ಬಲಕ್ಕೆ, ಸೀಳುಬಂಡೆ ದೋಣಿಮನೆಗೆ ನೇರ ಬರಬೇಕು. ಎರಡೂ ನೇರ ಕೂಡಿದ ಕಡೆ ಕೊರೆ.

"ಎರಡೂ ಸರಿಯಾಗೇ ಇದೆಯಪ್ಪ."

"ಮರದ ಮೇಲೆ ಗಿಡುಗನ ಗೂಡು ಕಾಣ್ತಿದ್ಯಾ?"

ಅವಳು ಕಣ್ಣು ಕಿರಿದು ಮಾಡಿ ನೋಡಿದಳು. "ಗೂಡೆಲ್ಲಿದೆ? ಬರೀ ಬೋಳು ಕಂಬ."

ಮುದುಕ ತಲೆಯಾಡಿಸಿದ. "ಹಂಗಾದ್ರೆ ಅದು ಬೇರೆ ಮರ. ಗೂಡಿದ್ದ ನನ್ನ ಮರ ಬಿದ್ದಿದೆ."

ಬಿರೆತ್ ಆಗಲೇ ಕಾಲಿಗೆ ಹಿಮಜಾರು ಪಟ್ಟಿ ಕಟ್ಟಿ, ಎರಡು ಊರುಗೋಲು ಹಿಡಿದಿದ್ದಳು. ದ್ವೀಪ ಮುಟ್ಟಿ, ಸೊಂಟದವರೆಗಿನ ಹಿಮದಲ್ಲಿ ಕೋಲು ಚುಚ್ಚುತ್ತಾ ಚುಚ್ಚುತ್ತಾ ಹುಡುಕಿದಳು. ತುದಿಯಿಂದ ಮೂವತ್ತು ಹೆಜ್ಜೆ ಈಚೆಗೆ ಕೋಲು ಟಕ್ಕೆಂದಿತು. ಬಗೆದಳು. ಮುರಿದ ಬುಡ, ಪಕ್ಕದಲ್ಲಿ ಉದ್ದಕ್ಕೆ ಬಿದ್ದ ಕಾಂಡ, ಚೆಲ್ಲಾಪಿಲ್ಲಿಯಾದ ಗೂಡಿನ ಕಡ್ಡಿ. ಮೈಮೇಲಿನ ಕೆಂಪು ಕೋಟು ಬಿಚ್ಚಿ ಕೋಲಿಗೆ ಸಿಕ್ಕಿಸಿ ಬುಡದ ಸೀಳಿಗೆ ಬಡಿದು ನಿಲ್ಲಿಸಿದಳು. ಉಳಿದ ಒಂದೇ ಕೋಲು ಊರುತ್ತಾ ವಾಪಸು ಬಂದಳು.

ಮಂಜುಗಡ್ಡೆಯ ಮೇಲೆ ಅವಳು ಸರಿದಂತೆ ಕೆಂಪು ಚುಕ್ಕೆ ಗುಡ್ಡದ ನೆತ್ತಿಗೆ ನೇರ ಬಂತು. ಬಂಡೆ ದೋಣಿಮನೆಗೆ ಬಂತು. ಅಪ್ಪನ ಬಂಡಿಯನ್ನು ಅಲ್ಲಿಗೆಳೆದು ಬೈರಿಗೆ ತಿರುಗಿಸತೊಡಗಿದಳು. ತೂತು ಮುಗಿಯುವಷ್ಟರಲ್ಲಿ ಯೋವ್ನಾನ ಸ್ನೋಮೊಬೈಲ್ ಗುರುಗುಟ್ಟುತ್ತಾ ಬಂದು, ಇಂಜಿನ್ ಆರದೆಯೇ ನಿಂತಿತು.

"ಏನಮ್ಮಾ, ಸರೋವರಾನ ಜರಡಿ ಮಾಡಿದ್ದಾಯ್ತಾ? ಸಾಕು, ಹತ್ತಿಸು ಅಪ್ಪನ್ನ."

"ಬಾಯಿ ಮುಚ್ಕೊಂಡು ನಿಂತ್ಕೊ," ಎಂದಳು ಬಿರೆತ್. ದಾರವನ್ನು ಅಪ್ಪನ ಕೈಗಿಟ್ಟಳು.

ಮುದುಕ ಕೈಗವಸು ಕಿತ್ತೆಸೆದು, ತೋಳು ಚಾಚಿ ಚಾಚಿ ಮಾರು ಅಳೆದು ದಾರ ಬಿಟ್ಟ. ಒಂಬತ್ತು ದಾಟಿತು. ಹದಿನೈದು. ಹದಿನೇಳು. ಹದಿನೆಂಟಕ್ಕೆ ಸೀಸ ಕೂತಿತು. ಅವನು ಪಕ್ಕಕ್ಕೆ ತಡಕಿ ಮಗಳ ತೋಳು ಮುಟ್ಟಿದ.

"ನಿನ್ನ ಕೋಟು ಎಲ್ಲೇ?"

"ನಿನ್ನ ಮರದ ಮೇಲಿದೆ."

ಅವನು ಹೊದ್ದ ತೊಗಲನ್ನು ಒಂದು ಕಡೆಯಿಂದ ಎತ್ತಿ ಹಿಡಿದ. ಅವಳು ಒಳಗೆ ತೂರಿಕೊಂಡಳು. ದಾರ ಅವನ ಬರಿಬೆರಳ ಮೇಲೆ ಒಮ್ಮೆ ನಡುಗಿತು, ಆಮೇಲೆ ಜಗ್ಗಿತು.

ಯೋವ್ನಾ ಕೈ ಚಾಚಿ ಇಂಜಿನ್ ಆರಿಸಿದ.