ಅಲ್ಕೊಬಾಸದ ಅಡುಗೆಮನೆ

ಚಂದ್ರಶೇಖರ ಆ ಮಠದೊಳಗೆ ಕಾಲೇ ಇಟ್ಟಿರಲಿಲ್ಲ. ಡೊಂಬಿವಲಿಯ ಕನ್ನಡ ಕೂಟದ ಸಭಾಂಗಣದಲ್ಲಿ, ಜನವರಿಯ ಒಂದು ಭಾನುವಾರ ಬೆಳಿಗ್ಗೆ, ‘ಗೋಥಿಕ್ ಮಠದಲ್ಲಿ ಒಂದು ದಿನ’ ಎಂಬ ಉಪನ್ಯಾಸ ಕೊಡಲು ಅವನು ಎದ್ದು ನಿಂತಾಗ ಈ ಸಂಗತಿ ಗೊತ್ತಿದ್ದದ್ದು ಅಲ್ಲಿ ಇಬ್ಬರಿಗೆ ಮಾತ್ರ. ಒಬ್ಬ ಅವನು. ಇನ್ನೊಬ್ಬಳು ಎರಡನೇ ಸಾಲಿನಲ್ಲಿ ಕೂತಿದ್ದ ಅವನ ಹೆಂಡತಿ ವೇದಾ.

ಮೈಸೂರಿನಿಂದ ಬಂದು ಫೈನಾನ್ಸ್ ಕಂಪನಿಯೊಂದರಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದ ಮೇಲೆ ಚಂದ್ರಶೇಖರನಿಗೆ ವಿವರಿಸಲು ನೌಕರರು ಇರಲಿಲ್ಲ. ಆದ್ದರಿಂದ ಸಿಕ್ಕಿದವರಿಗೆಲ್ಲ ವಿವರಿಸುತ್ತಿದ್ದ. ಸಾನಪಾಡಾದ ಅವರ ಸೊಸೈಟಿಯ ವಾಚ್‌ಮನ್‌ಗೆ ಗೇಟು ಹೇಗೆ ತೆಗೆಯಬೇಕೆಂದು, ಲೋಕಲ್ ಟ್ರೇನಿನಲ್ಲಿ ಪಕ್ಕ ಕೂತವನಿಗೆ ಟ್ರೇನು ಯಾಕೆ ನಿಂತಿದೆಯೆಂದು, ಮೂವತ್ತಾರು ವರ್ಷದಿಂದ ಅಡುಗೆ ಮಾಡುತ್ತಿರುವ ವೇದಾಗೆ ಹುಳಿ ಯಾವಾಗ ಹಾಕಬೇಕೆಂದು. ಅವನು ವಿವರಿಸತೊಡಗಿದರೆ ವೇದಾ ಮನಸ್ಸಿನಲ್ಲೇ ಮರುದಿನದ ತರಕಾರಿ ಪಟ್ಟಿ ಮಾಡಿಕೊಳ್ಳುತ್ತಿದ್ದಳು. ಕೆಲವೊಮ್ಮೆ ಪಟ್ಟಿ ಮುಗಿದು ವಾರದ್ದೂ ಆಗುತ್ತಿತ್ತು.

ಹೋದ ಮೇ ತಿಂಗಳಲ್ಲಿ ಇಬ್ಬರೂ ಠಾಣೆಯಿಂದ ಹೊರಟ ಒಂದು ತಂಡದ ಜೊತೆ ಸ್ಪೇನ್, ಪೋರ್ಚುಗಲ್ ನೋಡಲು ಹೋಗಿದ್ದರು. ಇಪ್ಪತ್ತಾರು ಜನ, ಕನ್ನಡದವರು ಇವರಿಬ್ಬರೇ. ಲಿಸ್ಬನ್ನಿನಿಂದ ಬಸ್ಸಿನಲ್ಲಿ ಹೊರಟು ಅಲ್ಕೊಬಾಸ ಎಂಬ ಸಣ್ಣ ಊರಿನ ಚೌಕದಲ್ಲಿ ಇಳಿದರು. ಎದುರಿಗೆ ಎಂಟುನೂರು ವರ್ಷಕ್ಕೂ ಹಳೆಯದಾದ ಕ್ರೈಸ್ತ ಸನ್ಯಾಸಿಗಳ ಮಠ, ಗೋಥಿಕ್ ಎಂಬ ಹಳೆಯ ಯುರೋಪಿನ ವಾಸ್ತುಶೈಲಿಯದು. ಅಲ್ಲಿನ ಗೈಡ್ ಹುಡುಗಿ ಬಾಯಿ ತೆರೆಯುವಷ್ಟರಲ್ಲಿ ಚಂದ್ರಶೇಖರ ಮುಂದೆ ಬಂದು ತಂಡದ ಕಡೆ ತಿರುಗಿ, “ಗೋಥಿಕ್ ಅಂದರೆ ಗೋಥರು ಕಟ್ಟಿದ್ದು. ಅದೊಂದು ಕಾಡು ಜನಾಂಗ,” ಎಂದು ಇಂಗ್ಲಿಷಿನಲ್ಲಿ ಶುರುಮಾಡಿದ.

ಹುಡುಗಿ ನಕ್ಕಳು. “ಇಲ್ಲ ಸರ್. ಗೋಥರಿಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ಕಂಡರಾಗದವರು ಎಷ್ಟೋ ಕಾಲದ ಮೇಲೆ ಬೈಯಲಿಕ್ಕೆ ಇಟ್ಟ ಹೆಸರು ಅದು, ಅನಾಗರಿಕರ ಕೆಲಸ ಅನ್ನುವ ಅರ್ಥದಲ್ಲಿ. ಆಮೇಲೆ, ನೀವು ತೋರಿಸುತ್ತಿರುವ ಈ ಮುಂಭಾಗದ ಬಹುಪಾಲು ಗೋಥಿಕ್ ಅಲ್ಲ. ಮುನ್ನೂರು ವರ್ಷದ ಹಿಂದೆ ಹೊಸದಾಗಿ ಮಾಡಿಸಿದ್ದು. ಗೋಥಿಕ್ ಒಳಗಿದೆ, ಬನ್ನಿ.”

ತಂಡದಲ್ಲಿದ್ದ ಮುಲುಂಡಿನ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು. ಅಷ್ಟೇ ಆದದ್ದು. ಚಂದ್ರಶೇಖರನ ಮುಖ ಗಂಟಾಯಿತು. “ಇಂಥದ್ದು ಒಂದು ನೋಡಿದ್ರೆ ಎಲ್ಲಾ ನೋಡಿದ ಹಾಗೆ. ನೀನು ಬೇಕಾದ್ರೆ ಹೋಗು, ನಾನು ಇಲ್ಲೇ ಇರ್ತೀನಿ,” ಎಂದು ವೇದಾಗೆ ಹೇಳಿ ಚೌಕದ ಕೆಫೆಯೊಂದರ ಛತ್ರಿಯ ಕೆಳಗೆ ಹೋಗಿ ಕೂತ. ಅವನು ಕೂತಲ್ಲಿ ತಾನೂ ಕೂರುವುದು ವೇದಾಗೆ ಅಭ್ಯಾಸವಾಗಿತ್ತು. ಅರ್ಧ ನಿಮಿಷ ಅನುಮಾನಿಸಿದಳು. ಆಮೇಲೆ ತಂಡದ ಹಿಂದೆ ಒಳಗೆ ಹೋದಳು.

ಒಳಗೆ ಉದ್ದಕ್ಕೆ, ಎತ್ತರಕ್ಕೆ, ತಲೆ ಹಿಂದಕ್ಕೆ ಬಾಗಿಸಿದರೂ ಮುಗಿಯದ ಬಿಳಿ ಕಂಬಗಳು. ಚಿತ್ರವಿಲ್ಲ, ಬಂಗಾರವಿಲ್ಲ. ಬಸ್ಸಿನಲ್ಲಿ ಥೇಪ್ಲಾ ರೊಟ್ಟಿ ಹಂಚಿಕೊಂಡು ಗಲಾಟೆ ಮಾಡಿದ್ದ ಜನವೆಲ್ಲ ಹೇಳದೆಯೇ ಸುಮ್ಮನಾದರು. ಗೈಡ್ ಕೂಡ ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಇಷ್ಟು ದೊಡ್ಡ ಜಾಗದಲ್ಲಿ ಯಾರೂ ತನಗೆ ಏನನ್ನೂ ವಿವರಿಸುತ್ತಿಲ್ಲ ಎಂಬುದು ಹೊಳೆದು ವೇದಾ ಒಂದು ಕಂಬಕ್ಕೆ ಅಂಗೈ ಇಟ್ಟು ನಿಂತುಬಿಟ್ಟಳು.

ಮುಂದೆ ಒಬ್ಬ ರಾಜನದೂ ಅವನು ಪ್ರೀತಿಸಿದವಳದೂ ಕಲ್ಲಿನ ಸಮಾಧಿಗಳಿದ್ದವು, ಪಾದಕ್ಕೆ ಪಾದ ಎದುರಾಗಿ. ಲೋಕದ ಕೊನೆಯ ದಿನ ಎದ್ದು ಕೂತಾಗ ಇಬ್ಬರೂ ಮೊದಲು ಒಬ್ಬರ ಮುಖ ಒಬ್ಬರು ನೋಡಲಿ ಎಂದು ಹಾಗೆ ಇಟ್ಟಿದ್ದಾರೆಂದು ಗೈಡ್ ಹೇಳಿದಳು. ಮುಲುಂಡಿನ ಹೆಂಗಸು ಕಣ್ಣೊರೆಸಿಕೊಂಡಳು. ವೇದಾಗೆ ನಗು ಬಂತು. ತನ್ನ ಗಂಡ ಹಾಗೆ ಎದ್ದು ಕೂತರೆ ಮೊದಲು ಮಾಡುವ ಕೆಲಸ, ಸತ್ತವರು ಏಳುವುದು ಹೇಗೆಂದು ತನಗೆ ವಿವರಿಸುವುದು.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಡುಗೆಮನೆ. ಅರ್ಧ ಗಂಟೆ ಅಲ್ಲೇ ಇದ್ದಳು. ಗೈಡ್ ಬಂದು ಕರೆದುಕೊಂಡು ಹೋಗಬೇಕಾಯಿತು. ಹೊರಗೆ ಬಂದಾಗ ಚಂದ್ರಶೇಖರ ಎರಡು ಕಾಫಿ ಕುಡಿದು, ಕೂತಲ್ಲಿಂದಲೇ ಮುಂಭಾಗದ ನಲವತ್ತು ಫೋಟೋ ತೆಗೆದಿದ್ದ. “ಮುಗೀತಾ?” ಎಂದು ಕೇಳಿದ. ಅದು ಬಿಟ್ಟರೆ ಎಂಟು ತಿಂಗಳಲ್ಲಿ ಆ ಮಠದ ಬಗ್ಗೆ ಅವಳನ್ನು ಒಂದು ಮಾತೂ ಕೇಳಿರಲಿಲ್ಲ.

ಈಗ ಅದೇ ಫೋಟೋಗಳು ಡೊಂಬಿವಲಿಯ ಪರದೆಯ ಮೇಲೆ ಬಂದವು. “ಇದೇ ನೋಡಿ ಶುದ್ಧ ಗೋಥಿಕ್,” ಎಂದ ಚಂದ್ರಶೇಖರ, ಮುನ್ನೂರು ವರ್ಷದ ಹಿಂದಿನ ಗೋಪುರಕ್ಕೆ ಕೋಲು ತಾಗಿಸಿ. ಗೋಥರೂ ಬಂದುಹೋದರು. “ಒಳಗೆ ಕಾಲಿಟ್ಟ ಕ್ಷಣ ನನ್ನ ಮೈ ರೋಮಾಂಚನಗೊಂಡಿತು,” ಎಂದು ಸ್ವಲ್ಪ ಕಣ್ಣು ಮುಚ್ಚಿದ. ಇಂಟರ್‌ನೆಟ್‌ನಿಂದ ತೆಗೆದ ಒಳಗಿನ ಚಿತ್ರಗಳು ಒಂದಾದಮೇಲೊಂದು ಬಂದವು. ಅದರಲ್ಲಿ ಕೆಂಪು ನೀಲಿ ಗಾಜಿನ ಕಿಟಕಿಗಳ ಒಂದು ಚಿತ್ರ ಆ ಮಠದ್ದೇ ಅಲ್ಲ. ಜನ “ಆಹಾ” ಎಂದರು. ಅವನು ಹಿಮಾಲಯವನ್ನು ತೋರಿಸಿ ಅಲ್ಕೊಬಾಸ ಅಂದಿದ್ದರೂ ಇವರು ಆಹಾ ಅನ್ನುತ್ತಿದ್ದರು ಎಂದುಕೊಂಡಳು ವೇದಾ. ಹಿಂದಿನ ಸಾಲಿನಲ್ಲಿ ಇಬ್ಬರು ನಿದ್ದೆ ಹೋಗಿದ್ದರು. ಕೂಟದ ಅಧ್ಯಕ್ಷ ದೇವದಾಸ್, ಸಭಾಂಗಣದ ಹಿಂದಿನಿಂದ ಬಿಸಿಬೇಳೆಬಾತಿನ ವಾಸನೆ ಬರತೊಡಗಿದ ಮೇಲೆ, ಮೂರು ಸಲ ವಾಚು ನೋಡಿಕೊಂಡರು.

ಪ್ರಶ್ನೆಗಳಿವೆಯೇ ಎಂದು ಕೇಳಿದಾಗ ಮೂರನೇ ಸಾಲಿನಿಂದ ದಪ್ಪಗಿನ ಗೃಹಸ್ಥರೊಬ್ಬರು ಎದ್ದರು. ಉಡುಪಿ ಕಡೆಯ ರಮಾಕಾಂತರು. ಠಾಣೆಯ ವರ್ತಕ ನಗರದಲ್ಲಿ ಮೂವತ್ತು ವರ್ಷದಿಂದ ಸಸ್ಯಾಹಾರಿ ಹೋಟೆಲು ನಡೆಸುವವರು.

“ಸರ್, ಒಂದು ಸಣ್ಣ ವಿಷಯ. ನೂರಾರು ಸನ್ಯಾಸಿಗಳು ಅಂದ್ರಿ, ಭಾರೀ ದೊಡ್ಡ ಅಡುಗೆಮನೆ ಉಂಟು ಅಂದ್ರಿ. ಅಷ್ಟು ಜನಕ್ಕೆ ನೀರು ಎಲ್ಲಿಂದ ಬರ್ತಿತ್ತು? ಆಗ ಪಂಪ್ ಇಲ್ಲ ಅಲ್ವಾ?”

“ಬಾವಿಯಿಂದ,” ಎಂದ ಚಂದ್ರಶೇಖರ ತಡವರಿಸದೆ. “ಆವರಣದಲ್ಲಿ ದೊಡ್ಡ ಬಾವಿ ಇತ್ತು. ಸೇದಿ ತರ್ತಿದ್ರು.”

“ಸೇದಿಯಾ? ಪಾತ್ರೆ ತೊಳಿಲಿಕ್ಕೇ ಎಷ್ಟು ನೀರು ಬೇಕು ಮಾರಾಯ್ರೆ! ಮತ್ತೆ ಆ ಕೊಳೆ ನೀರು ಹೊರಗೆ ಹೋಗುದು ಹೇಗೆ?”

ಚಂದ್ರಶೇಖರ ಸಭೆಯ ಕಡೆ ನೋಡಿ ನಕ್ಕ. “ಎಂಟುನೂರು ವರ್ಷದ ಪರಂಪರೆ ಕಣ್ಣೆದುರಿಗಿದ್ರೂ ಕೆಲವರಿಗೆ ಮೋರಿ ಮಾತ್ರ ಕಾಣ್ಸುತ್ತೆ. ಏನು ಮಾಡೋದು, ಹೋಟೆಲಿನವರು!”

ಸಭೆಯೂ ನಕ್ಕಿತು. ರಮಾಕಾಂತರು, ತಪ್ಪು ಮಾಡಿದವರ ಹಾಗೆ ಸಣ್ಣಗೆ ನಕ್ಕು, ಕೂತರು. ಅವರ ಹೆಂಡತಿ, ಶ್ರೀಮತಿ ಅಂತಲೇ ಹೆಸರು, ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡರು. ಆ ಸೆರಗು ಸರಿಯಾಗಿಯೇ ಇತ್ತು. ಅದನ್ನು ನೋಡಿದ ವೇದಾಗೆ ಕೂತಿರಲು ಆಗಲಿಲ್ಲ.

“ಬಾವಿ ಅಲ್ಲ,” ಎಂದು ಎದ್ದು ನಿಂತಳು. “ನದಿ. ಮಠದವರು ನದಿಯಿಂದ ಕಾಲುವೆ ತೋಡಿ ನೀರನ್ನ ಅಡುಗೆಮನೆಯೊಳಗೇ ತಂದಿದ್ರು. ಒಳಗೆ ಕಲ್ಲಿನ ತೊಟ್ಟಿ ಇದೆ. ಅಲ್ಲಿ ಕೇಳಬೇಕಾದ ಪ್ರಶ್ನೆಯನ್ನೇ ಇವರು ಕೇಳಿದ್ದು.”

“ವೇದಾ, ಕೂತ್ಕೋ,” ಎಂದ ಚಂದ್ರಶೇಖರ ಮೈಕಿನಲ್ಲೇ.

“ಇವರಿಗೆ ಇದು ಗೊತ್ತಿಲ್ಲ. ಯಾಕಂದ್ರೆ ಇವರು ಒಳಗೆ ಬರಲೇ ಇಲ್ಲ. ಗೈಡ್ ತಿದ್ದಿದಳು ಅಂತ ಸಿಟ್ಟು ಮಾಡ್ಕೊಂಡು ಹೊರಗೆ ಕಾಫಿ ಕುಡೀತಾ ಕೂತಿದ್ರು. ನೀವು ನೋಡಿದ ಹೊರಗಿನದ್ದೆಲ್ಲ ಆ ಕುರ್ಚಿಯಿಂದ ತೆಗೆದ ಫೋಟೋ, ಒಳಗಿನದ್ದೆಲ್ಲ ಇಂಟರ್‌ನೆಟ್‌ನದ್ದು.”

ನಿದ್ದೆ ಹೋಗಿದ್ದ ಇಬ್ಬರೂ ಎಚ್ಚರಗೊಂಡರು. ಮೂವತ್ತಾರು ವರ್ಷದಲ್ಲಿ ವೇದಾ ಹತ್ತು ಜನರ ಮುಂದೆ ಗಂಡನಿಗೆ ಎದುರಾಡಿದ್ದು ಇದೇ ಮೊದಲು. ಇನ್ನೇನಾಗುತ್ತದೋ ಎಂದು ಕಾದಳು.

ಆದದ್ದೇನೆಂದರೆ, ದೇವದಾಸ್ ಚಪ್ಪಾಳೆ ತಟ್ಟಿದರು. “ಕ್ಯಾ ಬಾತ್ ಹೈ ಮೇಡಂ! ಎಲ್ಲ ಮನೆಯಲ್ಲಿಯೂ ಇದೇ ಕಥೆ! ನಾನು ಕಾಶಿಗೆ ಹೋಗಿ ಬಂದ್ರೂ ನಮ್ಮ ಮನೆಯವಳು ನೀವು ಸ್ಟೇಷನ್ನಿನಲ್ಲೇ ಮಲಗಿದ್ರಿ ಅಂತಾಳೆ!”

ಸಭೆ ಗೊಳ್ಳೆಂದಿತು. ಇಡೀ ಬೆಳಿಗ್ಗೆಯಲ್ಲಿ ಅವರಿಗೆ ಅರ್ಥವಾದದ್ದು ಇದೊಂದೇ. ಎಲ್ಲರಿಗಿಂತ ಜೋರಾಗಿ ನಕ್ಕವನು ಚಂದ್ರಶೇಖರ. “ಮೂವತ್ತಾರು ವರ್ಷದಿಂದ ಹೀಗೇ ಸರ್,” ಎಂದು ಕೈ ಮೇಲೆತ್ತಿದ. ಮತ್ತೆ ನಗು. ಅವನಿಗೆ ಶಾಲು ಬಂತು, ಹಣ್ಣಿನ ಬುಟ್ಟಿ ಬಂತು, “ನಾಡಿನ ಹಿರಿಯ ಪ್ರವಾಸಿ” ಎಂಬ ಬಿರುದೂ ಬಂತು. ಫೋಟೋಕ್ಕೆ ಜೊತೆಯಲ್ಲಿ ನಿಲ್ಲಲು ವೇದಾಳನ್ನು ಕರೆದರು. ಅವಳು ಹೋಗಲಿಲ್ಲ. ಗಂಡನ ಮೇಲೆ ಇಷ್ಟು ವರ್ಷ ಇಟ್ಟುಕೊಂಡಿದ್ದ ತಿರಸ್ಕಾರವನ್ನು ಈಗ ಸಭೆಯ ಎಂಬತ್ತು ಜನರಿಗೂ ಹಂಚಬೇಕಾಗಿ ಬಂದಿತ್ತು.

ನಗದೆ ಉಳಿದವರು ರಮಾಕಾಂತ ದಂಪತಿ. ಊಟದ ಹೊತ್ತಿಗೆ ತಟ್ಟೆ ಹಿಡಿದುಕೊಂಡು ಅವಳನ್ನು ಹುಡುಕಿಕೊಂಡು ಬಂದರು.

“ಮೇಡಂ, ಆ ತೊಟ್ಟಿ ಒಲೆಯಿಂದ ಎಷ್ಟು ದೂರ?” ಎಂದರು ರಮಾಕಾಂತರು ಪೀಠಿಕೆಯಿಲ್ಲದೆ.

ವೇದಾ ಆಮಂತ್ರಣ ಪತ್ರಿಕೆಯ ಹಿಂಭಾಗದಲ್ಲಿ ಬರೆದು ತೋರಿಸಿದಳು. ಒಲೆ ಗೋಡೆ ಪಕ್ಕ ಅಲ್ಲ, ನಡುಮಧ್ಯೆ. ಅದರ ಮೇಲೆ ಕಂಬಗಳ ಮೇಲೆ ನಿಂತ ಚಿಮಣಿ, ಒಂದು ಕೋಣೆಯಷ್ಟು ಅಗಲ, ಗೋಪುರದ ಹಾಗೆ ನೇರ ಮೇಲಕ್ಕೆ. ಗೋಡೆಗೆಲ್ಲ ಬಿಳಿ ಟೈಲ್ಸ್.

“ನಡುಮಧ್ಯೆ!” ರಮಾಕಾಂತರು ಅನ್ನ ಕಲಸುವುದನ್ನು ಬಿಟ್ಟರು. “ನಾಲ್ಕೂ ಕಡೆಯಿಂದ ಕೆಲಸ ಮಾಡ್ಬಹುದು. ನಮ್ಮಲ್ಲಿ ಒಂದು ಒಗ್ಗರಣೆ ಹಾಕಿದ್ರೆ ಮೇಲಿನ ಫ್ಲ್ಯಾಟಿನವರು ಕಂಪ್ಲೇಂಟ್ ಕೊಡ್ತಾರೆ. ಈ ಸನ್ಯಾಸಿಗಳಿಗೆ ಬುದ್ಧಿ ಇತ್ತು ಮಾರಾಯ್ರೆ.”

“ನೀರಿನ ಜೊತೆ ಮೀನೂ ಒಳಗೇ ಬರ್ತಿತ್ತು ಅಂತಾರೆ,” ಎಂದಳು ವೇದಾ.

“ರಾಮ ರಾಮ, ಸೀದಾ ಅಡುಗೆಮನೆಗಾ ವೇದಕ್ಕ?” ಎಂದರು ಶ್ರೀಮತಿ. ಆದರೆ ಕಿವಿ ಇನ್ನೂ ಹತ್ತಿರ ತಂದರು.

ವಾಪಸು ಹೋಗುವ ದಾರಿಯಲ್ಲಿ, ಠಾಣೆಯಲ್ಲಿ ಟ್ರೇನು ಬದಲಿಸುವಾಗ, ಚಂದ್ರಶೇಖರ ಹಣ್ಣಿನ ಬುಟ್ಟಿಯನ್ನು ಎದೆಗವಚಿಕೊಂಡು, “ನನ್ನ ಮರ್ಯಾದೆ ತೆಗೆದೆ,” ಎಂದ.

“ತೆಗೆಯೋಕೆ ಆಗಲಿಲ್ಲ,” ಎಂದಳು ವೇದಾ. “ಎಲ್ಲಾರೂ ನಕ್ಕುಬಿಟ್ರು.”

ಸಾನಪಾಡಾ ಕಡೆಯ ಟ್ರೇನಿನಲ್ಲಿ ಜಾಗ ಸಿಕ್ಕಿತು. ಐರೋಲಿ ದಾಟಿದ ಮೇಲೆ ಅವನು ಕಿಟಕಿಯ ಕಡೆ ನೋಡುತ್ತ ಮೆಲ್ಲಗೆ ಕೇಳಿದ: “ಒಳಗೆ ನಿಜವಾಗ್ಲೂ ಏನೇನಿತ್ತು?”

ವೇದಾ ಅವನತ್ತ ತಿರುಗಿದಳು. ಎಂಟು ತಿಂಗಳ ಮೇಲೆ ಕೇಳುತ್ತಿದ್ದಾನೆ. ಆ ಬಿಳಿಯ ಎತ್ತರ, ಅಂಗೈಗೆ ತಾಗಿದ ಕಲ್ಲಿನ ತಂಪು, ಪಾದಕ್ಕೆ ಪಾದ ಕೊಟ್ಟು ಮಲಗಿದವರು, ಎಲ್ಲವೂ ಒಮ್ಮೆಲೇ ನಾಲಿಗೆಗೆ ಬಂತು. ಹೇಳಿಬಿಡಬೇಕೆನಿಸಿತು. ಆಗ ಅವನ ಮಡಿಲಲ್ಲಿದ್ದ ಫೋನು ಕಂಡಿತು. ಟಿಪ್ಪಣಿ ಬರೆಯುವ ಪುಟ ತೆರೆದಿತ್ತು, ಮೇಲೆ ‘ಮಾಜಿವಾಡಾ, ಫೆಬ್ರವರಿ’ ಎಂಬ ತಲೆಬರಹ, ಹೆಬ್ಬೆರಳು ಸಿದ್ಧವಾಗಿತ್ತು. ಠಾಣೆಯ ಆ ಬಡಾವಣೆಯ ಹಿರಿಯ ನಾಗರಿಕರ ಸಂಘದವರು ಊಟದ ಹೊತ್ತಿನಲ್ಲಿ ಅವನನ್ನು ಇದೇ ಉಪನ್ಯಾಸಕ್ಕೆ ಕರೆದಿದ್ದರು.

“ಏನೂ ಇಲ್ಲ. ಖಾಲಿ,” ಎಂದಳು.

“ಖಾಲಿ ಅಂದ್ರೆ?”

“ಚಿತ್ರ ಇಲ್ಲ, ಬಂಗಾರ ಇಲ್ಲ, ಬಣ್ಣ ಇಲ್ಲ. ಬರೀ ಕಲ್ಲು.”

ಅವನ ಮುಖದ ಮೇಲೆ ಎಂಥ ನೆಮ್ಮದಿ ಬಂತೆಂದರೆ, ಅವಳಿಗೆ ಕೆನ್ನೆಗೆ ಬಾರಿಸಬೇಕೆನಿಸಿತು. “ನಾನು ಅವತ್ತೇ ಹೇಳಲಿಲ್ವಾ?” ಎಂದು ಫೋನು ಜೇಬಿಗೆ ಹಾಕಿಕೊಂಡ.

ಫೆಬ್ರವರಿಯ ಆ ದಿನ ಅವನು ಮಾಜಿವಾಡಾಕ್ಕೆ ಹೊರಟಾಗ ವೇದಾ ಠಾಣೆ ಸ್ಟೇಷನ್ನಿನವರೆಗೆ ಜೊತೆಗೆ ಬಂದು, ಅಲ್ಲಿಂದ ಬೇರೆ ರಿಕ್ಷಾ ಹಿಡಿದು ವರ್ತಕ ನಗರಕ್ಕೆ ಹೋದಳು. ಶ್ರೀಮತಿ ಎರಡು ಸಲ ಫೋನು ಮಾಡಿ ಕರೆದಿದ್ದರು. ಮಧ್ಯಾಹ್ನದ ಊಟದ ಗಿರಾಕಿಗಳು ಮುಗಿದು ಸಂಜೆಯವರು ಬರುವ ಮೊದಲಿನ ಹೊತ್ತು. ಹೋಟೆಲಿನ ಅಡುಗೆಮನೆಯಲ್ಲಿ, ತೊಳೆದಿಟ್ಟ ಇಡ್ಲಿ ತಟ್ಟೆಗಳ ಪಕ್ಕ, ಅವಳಿಗೊಂದು ಸ್ಟೂಲು ಹಾಕಿದರು.

“ಚಿಮಣಿಯಿಂದ ಶುರು ಮಾಡಿ,” ಎಂದರು ರಮಾಕಾಂತರು.

“ಇಲ್ಲ. ಮೊದಲು ಕಂಬಗಳು,” ಎಂದಳು ವೇದಾ. ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಗೋಥಿಕ್ ಎಂಬುದು ಬೈಗುಳವಾಗಿದ್ದದ್ದು ಹೇಗೆ, ಊಟದ ಮನೆಯ ಗೋಡೆಯೊಳಗೇ ಮೆಟ್ಟಿಲು ಕಟ್ಟಿ ಸನ್ಯಾಸಿಯೊಬ್ಬ ಮೇಲೆ ನಿಂತು ಓದುತ್ತಿದ್ದದ್ದು ಹೇಗೆ, ಉಣ್ಣುವವರು ಮಾತಾಡದೆ ಕೇಳಬೇಕಾಗಿದ್ದದ್ದು ಹೇಗೆ. ಶ್ರೀಮತಿ ಏನೋ ಕೇಳಲು ಬಾಯಿ ತೆರೆದರೆ, “ತಡೀರಿ, ಅದಕ್ಕೇ ಬರ್ತೀನಿ,” ಎಂದು ಕೈ ಅಡ್ಡ ಹಿಡಿದಳು. ಹಿಡಿದ ಮೇಲೆ ಆ ಕೈ ಯಾರದೆಂದು ಅವಳಿಗೆ ಗೊತ್ತಾಯಿತು. ಮೂವತ್ತಾರು ವರ್ಷ ನೋಡಿ ಅಸಹ್ಯಪಟ್ಟ ಗಂಡನ ಕೈ ಅದು. ತನ್ನ ತೋಳಿನ ತುದಿಯಲ್ಲೇ ಇತ್ತು.

ಕೈ ಕೆಳಗಿಳಿಸಿದಳು. “ನೀವು ಏನೋ ಕೇಳ್ತಿದ್ರಿ,” ಎಂದಳು.

“ಹೆಚ್ಚೇನಲ್ಲ ವೇದಕ್ಕ. ಅಷ್ಟು ದೊಡ್ಡ ಜಾಗದಲ್ಲಿ ನಿಮ್ಮವರಿಲ್ಲದೆ ನೀವು ಒಬ್ಬರೇ ಓಡಾಡಿದ್ರಲ್ಲ, ಹೆದರಿಕೆ ಆಗ್ಲಿಲ್ವಾ ಅಂತ.”

ವೇದಾ ಯೋಚಿಸಿದಳು. “ಇಲ್ಲ,” ಎಂದಳು. “ಹೊರಗೆ ಬರುವಾಗ ಸ್ವಲ್ಪ ಆಯ್ತು.”

ಶ್ರೀಮತಿ ಕಾಫಿ ಬೆರೆಸಿ ಲೋಟ ಅವಳ ಕೈಗಿಟ್ಟರು. ರಮಾಕಾಂತರು ತಮ್ಮ ಅಡುಗೆಮನೆಯ ನಟ್ಟನಡುವೆ ಹೋಗಿ ನಿಂತು, ಮೇಲೆ ಎಣ್ಣೆ ಜಿಡ್ಡು ಕಟ್ಟಿದ ಸ್ಲ್ಯಾಬ್ ನೋಡುತ್ತ, ಒಂದು ಚಿಮಣಿ ಎಲ್ಲಿಂದ ತೂರಬಹುದೆಂದು ಲೆಕ್ಕ ಹಾಕತೊಡಗಿದರು.